ಖಾಲಿ ಸ್ಲಾಟಿನ ಚರಿತ್ರೆ

ಮನೆಗೆ ಕಂಪ್ಯೂಟರ್ ಬಂದ ಕಾಲದಿಂದಲೂ ಅದರ ಮೆಮೊರಿ ಸಾಲದೆಂಬ ತಕರಾರು ಇದ್ದೇ ಇದೆ. 1975ರಲ್ಲಿ ಅಮೆರಿಕದ ಎಂಐಟಿಎಸ್ ಕಂಪನಿ ಕಿಟ್ ರೂಪದಲ್ಲಿ ಮಾರಿದ ಆಲ್ಟೇರ್ 8800ರ ಮೆಮೊರಿ ಬರೀ 256 ಬೈಟ್. ಇಂದಿನ ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಎರಡು ಸಾಲು ಹಿಡಿಸುವುದೂ ಕಷ್ಟ. ಆದರೆ ಪೆಟ್ಟಿಗೆಯೊಳಗೆ ಹೆಚ್ಚುವರಿ ಬೋರ್ಡ್ ಸಿಕ್ಕಿಸಲು ಸ್ಲಾಟ್‌ಗಳಿದ್ದವು. ಎಂಐಟಿಎಸ್ ತಾನೇ ಮಾರಿದ 4 ಕೆಬಿ ಬೋರ್ಡು ಪದೇ ಪದೇ ಕೈಕೊಡುತ್ತಿತ್ತು. ಆಗ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬಾಬ್ ಮಾರ್ಷ್ ಎಂಬವರು ಗೆಳೆಯರೊಬ್ಬರ ಜೊತೆ ಪ್ರೊಸೆಸರ್ ಟೆಕ್ನಾಲಜಿ ಎಂಬ ಪುಟ್ಟ ಕಂಪನಿ ಕಟ್ಟಿ, ಅದೇ ಸ್ಲಾಟಿಗೆ ಕೂರುವ, ನೆಚ್ಚಬಹುದಾದ ಬೋರ್ಡು ಮಾರತೊಡಗಿದರು. ಯಂತ್ರ ಒಬ್ಬರದು, ಮೆಮೊರಿ ಇನ್ನೊಬ್ಬರದು ಎಂಬ ವ್ಯಾಪಾರ ಬೆಳೆದದ್ದು ಹೀಗೆ.

1981ರಲ್ಲಿ ಬಂದ ಐಬಿಎಂ ಪಿಸಿಗೆ ಐದು ಸ್ಲಾಟ್. ಮುಖ್ಯ ಬೋರ್ಡಿನಲ್ಲಿ ಹಿಡಿಸುತ್ತಿದ್ದದ್ದು ಹೆಚ್ಚೆಂದರೆ 64 ಕೆಬಿ. ಲೋಟಸ್ 1-2-3ರಂಥ ಲೆಕ್ಕಪತ್ರದ ಪ್ರೋಗ್ರಾಂ ಬಂದ ಮೇಲೆ ಅದು ಯಾವ ಮೂಲೆಗೂ ಸಾಲಲಿಲ್ಲ. ಕರಾಚಿ ಮೂಲದ ಸಫಿ ಖುರೇಶಿ ಇಬ್ಬರು ಸ್ನೇಹಿತರ ಜೊತೆ ಕಟ್ಟಿದ ಎಎಸ್‌ಟಿ ಕಂಪನಿಯ ಸಿಕ್ಸ್‌ಪ್ಯಾಕ್ ಪ್ಲಸ್ ಕಾರ್ಡು ಒಂದೇ ಸ್ಲಾಟಿನಲ್ಲಿ 384 ಕೆಬಿವರೆಗೆ ಮೆಮೊರಿ ಕೊಟ್ಟಿತು, ಜೊತೆಗೆ ಬ್ಯಾಟರಿ ಮೇಲೆ ನಡೆಯುವ ಗಡಿಯಾರವನ್ನೂ. ಹಾರ್ಡ್ ಡಿಸ್ಕ್ ಇನ್ನೂ ಕಠಿಣ. ಮೊದಲ ಪಿಸಿಯ ವಿದ್ಯುತ್ ಪೂರೈಕೆ 63.5 ವ್ಯಾಟ್ ಮಾತ್ರ, ಆಗಿನ ಡಿಸ್ಕ್‌ಗಳ ಹಸಿವಿಗೆ ಅದು ಸಾಲದು. 1985ರಲ್ಲಿ ಪ್ಲಸ್ ಡೆವಲಪ್‌ಮೆಂಟ್ ಕಂಪನಿ 10 ಎಂಬಿಯ ಇಡೀ ಡಿಸ್ಕನ್ನೇ ಒಂದು ಕಾರ್ಡಿನ ಮೇಲೆ ಕೂರಿಸಿ ‘ಹಾರ್ಡ್‌ಕಾರ್ಡ್’ ಎಂದು ಮಾರಿತು. ಕೇಬಲ್ ಎಳೆಯುವ ಗೋಜಿಲ್ಲ, ಸ್ಲಾಟಿಗೆ ಒತ್ತಿದರೆ ಮುಗಿಯಿತು.

1984ರ ಜನವರಿಯ ಮ್ಯಾಕಿಂಟಾಷ್‌ನಲ್ಲಿ ಮಾತ್ರ ಅಂಥ ಅವಕಾಶವನ್ನು ಬೇಕೆಂದೇ ಮುಚ್ಚಲಾಗಿತ್ತು. ಇದ್ದ 128 ಕೆಬಿ ಮೆಮೊರಿ 16 ಚಿಪ್‌ಗಳಾಗಿ ಬೋರ್ಡಿಗೇ ಬೆಸೆದುಕೊಂಡಿತ್ತು. ಪೆಟ್ಟಿಗೆ ಬಿಚ್ಚಲಿಕ್ಕೂ ನಕ್ಷತ್ರದಾಕಾರದ ತುದಿಯ ಉದ್ದನೆಯ ಸ್ಕ್ರೂಡ್ರೈವರ್ ಬೇಕು. ಗ್ರಾಹಕರು ಒಳಗೆ ಕೈ ಹಾಕಕೂಡದೆಂಬುದು ಸ್ಟೀವ್ ಜಾಬ್ಸ್ ಅವರ ಹಟ. ಇದ್ದದ್ದು ಒಂದೇ ಫ್ಲಾಪಿ ಡ್ರೈವ್. 400 ಕೆಬಿಯ ಡಿಸ್ಕೊಂದನ್ನು ನಕಲು ಮಾಡಬೇಕಾದರೆ ಮೂಲ ಡಿಸ್ಕ್ ಹಾಕಿ, ತೆಗೆದು, ಹೊಸದನ್ನು ಹಾಕಿ, ಅದನ್ನೂ ತೆಗೆದು, ಮತ್ತೆ ಮೂಲಕ್ಕೆ ಬರಬೇಕು. ಅಷ್ಟನ್ನೂ ಒಂದೇ ಸಲ ಹಿಡಿದಿಡುವ ಜಾಗ ಮೆಮೊರಿಯಲ್ಲಿರಲಿಲ್ಲ.

ಬೋರ್ಡಿನ ವಿನ್ಯಾಸ ಮಾಡಿದ ಬರೆಲ್ ಸ್ಮಿತ್ ಮುಂದಾಲೋಚನೆಯಿಂದ ನಾಲ್ಕು ಪಟ್ಟು ದೊಡ್ಡ ಚಿಪ್‌ಗಳಿಗೂ ಬೋರ್ಡಿನಲ್ಲಿ ದಾರಿ ಬಿಟ್ಟಿದ್ದರು. 1985ರ ಜನವರಿಯಲ್ಲಿ ಡಾಕ್ಟರ್ ಡಾಬ್ಸ್ ಜರ್ನಲ್ ಆ ದಾರಿಯನ್ನು ಬಳಸುವ ಬಗೆಯನ್ನು ಅಚ್ಚು ಹಾಕಿತು. ಒಂದೊಂದು ಚಿಪ್ಪಿಗೆ 16 ಕಾಲು, 16 ಚಿಪ್‌ಗಳಿಗೆ ಒಟ್ಟು 256 ಬೆಸುಗೆ. ಬೋರ್ಡಿನ ತಾಮ್ರದ ಗೆರೆ ಕಿತ್ತುಬರದಂತೆ ಅಷ್ಟನ್ನೂ ಬಿಡಿಸಿ, ಸಾಕೆಟ್ ಕೂರಿಸಿ, 256 ಕಿಲೋಬಿಟ್ ಚಿಪ್‌ಗಳನ್ನು ಒತ್ತಬೇಕು. ಕೈ ತುಸು ನಡುಗಿದರೆ ಎರಡೂವರೆ ಸಾವಿರ ಡಾಲರಿನ ಯಂತ್ರ ಹಾಳು. ಆದರೂ ಜನ ಮಾಡಿದರು, 512 ಕೆಬಿ ಪಡೆದರು. ಅಪ್‌ಗ್ರೇಡಿನ ಇತಿಹಾಸದಲ್ಲಿ ಇದಕ್ಕಿಂತ ಗಟ್ಟಿ ಗುಂಡಿಗೆಯ ಕೆಲಸ ಸಿಗುವುದು ಕಷ್ಟ.

ಬಿಡಿ ಚಿಪ್‌ಗಳ ಗೋಳು ತಪ್ಪಿಸಿದ್ದು, ಹಲವು ಚಿಪ್‌ಗಳನ್ನು ಒಂದೇ ಪಟ್ಟಿಯ ಮೇಲೆ ಜೋಡಿಸಿದ ಸಿಮ್, ಆಮೇಲೆ ಡಿಮ್. ಭಾರತದಲ್ಲಿ ಅಸೆಂಬಲ್ಡ್ ಪಿಸಿಗಳ ಕಾಲ ಬಂದದ್ದು ಈ ಪಟ್ಟಿಗಳ ಜೊತೆಗೇ. ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚ್ಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರೋಡ್ ಇವನ್ನು ಮಾರಿಯೇ ಬೆಳೆದವು. ಎಸ್.ಪಿ. ರೋಡಿನ ಕಿರಿದಾದ ಅಂಗಡಿಗಳಲ್ಲಿ ಗಿರಾಕಿಯನ್ನು ಕೇಳುವ ಮೊದಲ ಪ್ರಶ್ನೆ ‘ಡಿಡಿಆರ್ ಎಷ್ಟು?’, ಅಂದರೆ ಪಟ್ಟಿ ಯಾವ ತಲೆಮಾರಿನದು ಎಂದು. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ, ಉದ್ದವೂ ಒಂದೇ. ನಡುವಿನ ಕಚ್ಚು ಮಾತ್ರ ಕೊಂಚ ಅತ್ತಿತ್ತ. ಗೊತ್ತಿಲ್ಲದೆ ತಂದರೆ ಕೂರುವುದಿಲ್ಲ. ಬೀಪ್ ಬೀಪ್ ಎಂದು ಅರಚಿ ಆನ್ ಆಗದ ಸಿಸ್ಟಂನ ರ್ಯಾಮ್ ಕಿತ್ತು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಹಾಕುವುದು ಇಲ್ಲಿನ ರಿಪೇರಿಯವರ ಮೊದಲ ಚಿಕಿತ್ಸೆ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಮೆಮೊರಿ ಎಷ್ಟು ಹಾಕಿದರೂ ಡಿಸ್ಕ್ ಮಾತ್ರ ಕಾಯಿಸುತ್ತಲೇ ಇತ್ತು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಮುಳ್ಳು ಸರಿಯಲು ಇನ್ನಷ್ಟು ಹೊತ್ತು. ಚದುರಿದ ಕಡತಗಳನ್ನು ಸೆಕೆಂಡಿಗೆ ನೂರು ಸಲ ಮುಟ್ಟಿದರೆ ಹೆಚ್ಚು. 2008ರಲ್ಲಿ ಇಂಟೆಲ್ ತಂದ 80 ಜಿಬಿಯ ಎಕ್ಸ್25-ಎಂ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದಬಲ್ಲದು. ಹಾರ್ಡ್ ಡಿಸ್ಕಿಗಿದ್ದ ಸಾಟಾ ಕೇಬಲ್ಲೇ ಇದಕ್ಕೂ ಸಾಕಿತ್ತು. ಬೆಲೆ ಇಳಿದ ಮೇಲೆ, ಹತ್ತು ವರ್ಷದ ಡೆಸ್ಕ್‌ಟಾಪಿಗೂ ಎಸ್‌ಎಸ್‌ಡಿ ಹಾಕಿಸಿದವರಿಗೆ ಅದು ಹೊಸ ಯಂತ್ರದಂತೆಯೇ ಕಂಡಿತು.

ಸ್ಲಾಟ್ ಮತ್ತೆ ಮುಚ್ಚಿಕೊಳ್ಳುತ್ತಿರುವುದು ಬೇಸರದ ಸಂಗತಿ. 2012ರ ಮ್ಯಾಕ್ ಮಿನಿಯ ತಳದ ದುಂಡು ಮುಚ್ಚಳ ತಿರುಗಿಸಿದರೆ ರ್ಯಾಮ್ ಕೈಗೆ ಸಿಗುತ್ತಿತ್ತು. 2014ರ ಮಾದರಿಯಲ್ಲಿ ಅದನ್ನು ಬೋರ್ಡಿಗೆ ಬೆಸೆದರು. ಸ್ಲಾಟ್ ಇರುವ ಯಂತ್ರಗಳಿಗೂ ಈಗ ಬೇರೆ ತೊಡಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಮೆಮೊರಿ 4 ಜಿಬಿಯಷ್ಟೇ, ಆದರೆ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಬಹುಪಾಲು ಪ್ರೊಸೆಸರ್‌ಗಳನ್ನು ಮೈಕ್ರೋಸಾಫ್ಟ್ ಪಟ್ಟಿಯಿಂದ ಹೊರಗಿಟ್ಟಿದೆ. 16 ಜಿಬಿ ರ್ಯಾಮ್, ಎಸ್‌ಎಸ್‌ಡಿ ಎರಡೂ ಇರುವ ಗಟ್ಟಿಮುಟ್ಟಾದ ಡೆಸ್ಕ್‌ಟಾಪಿಗೆ ಉಳಿದಿರುವ ಒಳ್ಳೆಯ ದಾರಿ ಲಿನಕ್ಸ್. ಅದಕ್ಕೆ ಹಳೆಯ ಪ್ರೊಸೆಸರ್ ಅಡ್ಡಿಯಾಗುವುದಿಲ್ಲ.