ಡಿಜಿಟಲ್ ಕ್ಯಾಮೆರಾ: ಮೊದಲ ಖರೀದಿ

ಫಿಲ್ಮಿನ ಜಾಗದಲ್ಲಿ ಸೆನ್ಸರ್ ಇಟ್ಟು, ಅದರ ಮೇಲೆ ಬಿದ್ದ ಬೆಳಕನ್ನು ಅಂಕಿಗಳಾಗಿಸಿ ಮೆಮೊರಿ ಕಾರ್ಡಿಗೆ ಬರೆಯುವ ಸಾಧನ ಡಿಜಿಟಲ್ ಕ್ಯಾಮೆರಾ. 1975ರಲ್ಲಿ ಅಮೆರಿಕದ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಮಾದರಿ ಸುಮಾರು 3.6 ಕಿಲೋ ತೂಗುತ್ತಿತ್ತು. 0.01 ಮೆಗಾಪಿಕ್ಸೆಲ್‌ನ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಬೇಕಿತ್ತು.

ಈಗ ಕ್ಯಾಮೆರಾ ಎಲ್ಲರ ಫೋನಿನಲ್ಲೂ ಇದೆ. ಹಗಲು ಬೆಳಕಿನ ಮನೆಮಂದಿಯ ಚಿತ್ರಕ್ಕೆ ಅದೇ ಸಾಕು. ದೂರದ ಮರದ ಮೇಲಿನ ಹಕ್ಕಿ, ರಾತ್ರಿಯ ಯಕ್ಷಗಾನ, ಮೈದಾನದ ಓಟ ಇಂಥವಕ್ಕೆ ಫೋನು ಸೋಲುತ್ತದೆ. ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಇವುಗಳಲ್ಲಿ ಯಾವುದಕ್ಕಾಗಿ ಕೊಳ್ಳುತ್ತಿದ್ದೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಉಳಿದ ಆಯ್ಕೆ ಸುಲಭ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಮೆಗಾಪಿಕ್ಸೆಲ್ ಲೆಕ್ಕ. ಇಂಚಿಗೆ 300 ಚುಕ್ಕೆಯಂತೆ 12×8 ಇಂಚಿನ ಪ್ರಿಂಟಿಗೆ ಬೇಕಾಗುವುದು ಸುಮಾರು 86 ಲಕ್ಷ ಪಿಕ್ಸೆಲ್, ಅಂದರೆ 9 ಮೆಗಾಪಿಕ್ಸೆಲ್‌ಗೂ ಕಡಿಮೆ. ಆದ್ದರಿಂದ 24 ಮೆಗಾಪಿಕ್ಸೆಲ್ ಇದ್ದರೆ ಧಾರಾಳವಾಯಿತು. ಅದಕ್ಕಿಂತ ಮುಖ್ಯವಾದದ್ದು ಸೆನ್ಸರಿನ ಗಾತ್ರ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಇರುತ್ತದೆ. ಎಪಿಎಸ್-ಸಿ ಸುಮಾರು 23.5×15.6, ಮೈಕ್ರೋ ಫೋರ್ ಥರ್ಡ್ಸ್ 17.3×13, ಸಣ್ಣ ಕ್ಯಾಮೆರಾಗಳ ಸೆನ್ಸರ್ ಬರೀ 6.2×4.6 ಮಿ.ಮೀ. ವಿಸ್ತೀರ್ಣದಲ್ಲಿ ಎಪಿಎಸ್-ಸಿಯು ಈ ಸಣ್ಣ ಸೆನ್ಸರಿನ ಹನ್ನೆರಡು ಪಟ್ಟಿಗೂ ಹೆಚ್ಚು. ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುವುದೂ ಆಗದಿರುವುದೂ ಬಹುಪಾಲು ಇದನ್ನೇ ಅವಲಂಬಿಸಿದೆ.

ಸೆನ್ಸರಿನ ಗಾತ್ರದ ಈ ಮಾತಿಗೆ 2018ರ ನಿಕಾನ್ ಪಿ1000 ಕ್ಯಾಮೆರಾ ಒಳ್ಳೆಯ ಉದಾಹರಣೆ. 125 ಪಟ್ಟು ಜೂಮ್ ಇರುವ ಅದು ಚಂದ್ರನ ಕುಳಿಗಳನ್ನು ತೆರೆಯ ತುಂಬ ತೋರಿಸುತ್ತದೆ. ಆದರೆ ಸೆನ್ಸರ್ ಸಣ್ಣದಾದ್ದರಿಂದ ಸಂಜೆಯ ಕಾಡಿನಲ್ಲಿ ಒದ್ದಾಡುತ್ತದೆ.

ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಲ್ಲಿ ಎರಡು ಬಗೆ. ಡಿಎಸ್‌ಎಲ್‌ಆರ್‌ನಲ್ಲಿ ಒಳಗಿನ ಕನ್ನಡಿಯು ದೃಶ್ಯವನ್ನು ಕಣ್ಣಿಗೆ ತಲುಪಿಸುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯಿಲ್ಲ, ಸೆನ್ಸರ್ ಕಂಡದ್ದೇ ತೆರೆಯಲ್ಲಿ ಮೂಡುತ್ತದೆ. 2008ರ ಪ್ಯಾನಸಾನಿಕ್ ಜಿ1ರಿಂದ ಶುರುವಾದ ಈ ಬಗೆಯತ್ತ ಕ್ಯಾನನ್ 2018ರಲ್ಲಿ ಆರ್‌ಎಫ್ ಮೌಂಟ್ (ಲೆನ್ಸನ್ನು ಕ್ಯಾಮೆರಾಗೆ ಕೂಡಿಸುವ ಜೋಡಣೆ), ನಿಕಾನ್ ಝಡ್ ಮೌಂಟ್ ತಂದು ವಾಲಿದವು. ಡಿಎಸ್‌ಎಲ್‌ಆರ್ ಕೆಟ್ಟದ್ದೆಂದಲ್ಲ. ಹಳೆಯ ಬಾಡಿಗಳು (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅಗ್ಗಕ್ಕೆ ಸಿಗುತ್ತವೆ, ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಆದರೆ ಹೊಸ ಲೆನ್ಸುಗಳು ಬರುತ್ತಿರುವುದು ಮಿರರ್‌ಲೆಸ್‌ಗೆ.

ಮೊದಲ ಖರೀದಿಯಲ್ಲಿ ನಿಜವಾಗಿ ಆಯ್ಕೆಯಾಗುವುದು ಬಾಡಿಯಲ್ಲ, ಲೆನ್ಸಿನ ಮೌಂಟ್. ಬಾಡಿ ಕೆಲವು ವರ್ಷಕ್ಕೆ ಬದಲಾದೀತು, ಲೆನ್ಸುಗಳು ಉಳಿಯುತ್ತವೆ. 1959ರ ನಿಕಾನ್ ಎಫ್ ಮೌಂಟ್ ಡಿಜಿಟಲ್ ಕಾಲಕ್ಕೂ ನಡೆದುಬಂತು. ಹಾಗೆಂದು ಎಲ್ಲ ಹಳೆಯ ಲೆನ್ಸೂ ಎಲ್ಲ ಬಾಡಿಗೂ ಸರಿಹೊಂದುವುದಿಲ್ಲ: ನಿಕಾನ್‌ನ ಡಿ3500 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲದ ಕಾರಣ ಹಳೆಯ ಎಎಫ್-ಡಿ ಲೆನ್ಸುಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕು.

ಎಪಿಎಸ್-ಸಿ ಡಿಎಸ್‌ಎಲ್‌ಆರ್ ಬಾಡಿಯೊಡನೆ ಸಾಮಾನ್ಯವಾಗಿ ಬರುವುದು 18-55 ಮಿ.ಮೀ. ಕಿಟ್ ಲೆನ್ಸ್. 55ರಲ್ಲಿ ಅದರ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಎಫ್/5.6ಕ್ಕಿಂತ ಹಿಗ್ಗದು. ಅಗ್ಗದ 50 ಮಿ.ಮೀ. ಎಫ್/1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಬಿಡುತ್ತದೆ. ರಾತ್ರಿಯ ರಂಗಸ್ಥಳಕ್ಕೆ ಈ ವ್ಯತ್ಯಾಸ ದೊಡ್ಡದು. ಹಕ್ಕಿ, ಕಾಡುಪ್ರಾಣಿಗಳಿಗೆ 300 ಮಿ.ಮೀ. ಆದರೂ ಬೇಕು. ಸೆನ್ಸರ್ ಸಣ್ಣದಾದ್ದರಿಂದ ನೋಟ 1.5 ಪಟ್ಟು ಹತ್ತಿರವಾಗುವ (1.5 ಕ್ರಾಪ್) ಎಪಿಎಸ್-ಸಿಯಲ್ಲಿ ಅದು ಫುಲ್ ಫ್ರೇಮಿನ 450 ಮಿ.ಮೀ.ನಷ್ಟು ಹತ್ತಿರದ ನೋಟ ಕೊಡುತ್ತದೆ.

ಬಜೆಟ್ಟಿನಲ್ಲಿ ಕಾರ್ಡು, ಇನ್ನೊಂದು ಬ್ಯಾಟರಿ, ಬ್ಯಾಗುಗಳಿಗೂ ಹಣ ತೆಗೆದಿಡಬೇಕು. ಬಿಲ್ ಇಲ್ಲದೆ ಕಡಿಮೆ ಬೆಲೆಗೆ ಸಿಗುವ ಗ್ರೇ ಮಾರ್ಕೆಟ್ ಸರಕಿಗೆ ಕಂಪನಿಯ ಭಾರತದ ವಾರಂಟಿ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಶಟರ್ ಕೌಂಟ್ (ಈವರೆಗೆ ಎಷ್ಟು ಬಾರಿ ಕ್ಲಿಕ್ಕಿಸಲಾಗಿದೆ ಎಂಬ ಎಣಿಕೆ) ಕೇಳಬೇಕು. ಸಾಮಾನ್ಯ ದರ್ಜೆಯ ಹಲವು ಬಾಡಿಗಳ ಶಟರಿನ ಆಯುಷ್ಯ ಒಂದು ಲಕ್ಷ ಕ್ಲಿಕ್‌ನ ಆಸುಪಾಸು ಎಂದು ಲೆಕ್ಕ. ಲೆನ್ಸಿನೊಳಕ್ಕೆ ಟಾರ್ಚ್ ಹಾಯಿಸಿದರೆ ಜೇಡರ ಬಲೆಯಂಥ ಫಂಗಸ್ ಎಳೆಗಳಿದ್ದರೆ ಕಾಣಿಸುತ್ತವೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದರ ಕಾಟ ಹೆಚ್ಚು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟರೆ ಲೆನ್ಸ್ ಉಳಿಯುತ್ತದೆ.

ಹೆಚ್ಚಿನ ಹೊಸಬರಿಗೆ ಎಪಿಎಸ್-ಸಿ ಬಾಡಿ, ಕಿಟ್ ಲೆನ್ಸ್, ಜೊತೆಗೊಂದು ಎಫ್/1.8 ಲೆನ್ಸ್ ಸಾಕು. ದುಬಾರಿ ಟೆಲಿ ಲೆನ್ಸನ್ನು ಕೊಳ್ಳುವ ಮುನ್ನ ಬಾಡಿಗೆಗೆ ತಂದು ಬಳಸಿ ನೋಡುವುದು ಒಳ್ಳೆಯದು.