ಮಡಿಲಿನ ಋಣ

ನಮ್ಮಲ್ಲಿ ಎರಡು ಗಾದೆಗಳುಂಟು. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬುದೊಂದು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬುದು ಇನ್ನೊಂದು. ಎರಡನ್ನೂ ಒಂದೇ ಬಾಯಿಂದ ಆಡುತ್ತೇವೆ. ಉಪಾಧ್ಯಾಯನಾದ ನಾನು ಮೊದಲನೆಯದನ್ನೇ ಹೆಚ್ಚಾಗಿ ನಂಬಿದ್ದೆನೆಂದು ಒಪ್ಪಿಕೊಳ್ಳಬೇಕು. ಹಳಗನ್ನಡದ ಪದ್ಯವೊಂದನ್ನು ಅನ್ವಯಿಸಲಾರದೆ ನಿಂತ ಹುಡುಗನನ್ನು ಕಂಡು, ಇವನು ಹುಟ್ಟಿದ್ದೇ ಹೀಗೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುವುದು ಬಹು ಸುಲಭ. ಆ ಸುಲಭದ ತೀರ್ಪನ್ನು ಕದಲಿಸಿದ ಕಥೆಯೊಂದನ್ನು ಓದುಗರ ಮುಂದಿಡಬೇಕೆನಿಸಿದೆ. ಕಥೆಯೆಂದೆ; ಆದರೆ ಇದು ಅಮೆರಿಕದ ಅಯೋವಾ ರಾಜ್ಯದಲ್ಲಿ ನಿಜವಾಗಿ ನಡೆದುದು.

ಅದು 1930ರ ದಶಕ. ಆರ್ಥಿಕ ಮುಗ್ಗಟ್ಟಿನಿಂದ ಆ ದೇಶ ತತ್ತರಿಸುತ್ತಿದ್ದ ಕಾಲ. ಡೇವನ್‌ಪೋರ್ಟ್ ಎಂಬ ಊರಿನ ಸರ್ಕಾರಿ ಅನಾಥಾಲಯ ಮಕ್ಕಳಿಂದ ಕಿಕ್ಕಿರಿದಿತ್ತು. ಹಸುಳೆಗಳಿಗೆ ಹೊತ್ತುಹೊತ್ತಿಗೆ ಹಾಲುಂಟು, ಬಟ್ಟೆಯುಂಟು. ಎತ್ತಿ ಆಡಿಸುವವರು ಮಾತ್ರ ಇಲ್ಲ. ತೊಟ್ಟಿಲಿನ ಪಕ್ಕಗಳಿಗೂ ಬಟ್ಟೆ ಹೊದಿಸಿರುತ್ತಿದ್ದುದರಿಂದ ಸುತ್ತಲಿನ ಲೋಕವೂ ಅವಕ್ಕೆ ಮರೆ. ಹೆರಾಲ್ಡ್ ಸ್ಕೀಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿ ಇಬ್ಬರು ಹೆಣ್ಣುಕೂಸುಗಳನ್ನು ಪರೀಕ್ಷಿಸಿದರು. ಒಂದಕ್ಕೆ 13 ತಿಂಗಳು, ಇನ್ನೊಂದಕ್ಕೆ 16. ಬೆಳವಣಿಗೆಯೋ, ಆರೇಳು ತಿಂಗಳ ಕೂಸಿನದು. ಇವು ಸುಧಾರಿಸಲಾರವೆಂದು ನಿಶ್ಚಯವಾಗಿ ಎರಡನ್ನೂ ಬುದ್ಧಿಮಾಂದ್ಯರ ಆಶ್ರಮಕ್ಕೆ ಕಳುಹಿಸಿದರು.

ಕೆಲವು ತಿಂಗಳ ಬಳಿಕ ಸ್ಕೀಲ್ಸರು ಆ ಆಶ್ರಮಕ್ಕೆ ಹೋದಾಗ ಇಬ್ಬರು ಚುರುಕು ಮಕ್ಕಳು ನಗುತ್ತ ಓಡಾಡುತ್ತಿದ್ದರು. ಅವೇ ಕೂಸುಗಳೆಂದು ನಂಬುವುದೇ ಅವರಿಗೆ ಕಷ್ಟವಾಯಿತು. ಮತ್ತೆ ಮತ್ತೆ ಪರೀಕ್ಷಿಸಿದರು; ಬೆಳವಣಿಗೆ ಸಹಜ ಸ್ಥಿತಿಯತ್ತ ಬಂದಿತ್ತು. ಯಾವ ಔಷಧದಿಂದ? ಆ ವಾರ್ಡಿನಲ್ಲಿದ್ದವರು ಪ್ರಾಯಕ್ಕೆ ಬಂದ ಹೆಂಗಸರು. ಅವರ ಬುದ್ಧಿಯ ವಯಸ್ಸು ಐದರಿಂದ ಒಂಬತ್ತು ವರ್ಷವೆಂದು ಪಂಡಿತರು ಗೊತ್ತುಮಾಡಿದ್ದರು. ಆ ಹೆಂಗಸರೇ ಕೂಸುಗಳನ್ನು ಮಡಿಲಿಗೆ ತೆಗೆದುಕೊಂಡಿದ್ದರು. ಎತ್ತಿದರು, ಮಾತಾಡಿಸಿದರು, ಆಡಿಸಿದರು. ದಾದಿಯರು ಬಿಡುವಿನ ದಿನ ಹೊರಗೆ ಕರೆದೊಯ್ದರು, ಆಟಿಕೆ ತಂದುಕೊಟ್ಟರು. ಔಷಧ ಇಷ್ಟೇ.

ಸ್ಕೀಲ್ಸರು ಇನ್ನಷ್ಟು ಕೂಸುಗಳನ್ನು ಹಾಗೆಯೇ ಕಳುಹಿಸಿದರು, ಒಟ್ಟು 13. ಸಾಮಾನ್ಯರ ಬುದ್ಧಿಗೆ 100 ಅಂಕವೆಂದಿಟ್ಟುಕೊಂಡರೆ ಇವುಗಳ ಸರಾಸರಿ 64ರಷ್ಟಿದ್ದುದು ಸುಮಾರು 92ಕ್ಕೆ ಏರಿತು. ಅನಾಥಾಲಯದಲ್ಲೇ ಉಳಿದಿದ್ದ 12 ಮಕ್ಕಳ ದಾಖಲೆ ತೆಗೆದು ನೋಡಿದರೆ, ಮೊದಲು 87ರಷ್ಟಿದ್ದ ಅವರ ಸರಾಸರಿ 60ರ ಬಳಿಗೆ ಇಳಿದಿತ್ತು.

1939ರಲ್ಲಿ ಇದು ಪ್ರಕಟವಾದಾಗ ವಿದ್ವಾಂಸರು ಮೆಚ್ಚಲಿಲ್ಲ, ಹಾಸ್ಯಮಾಡಿದರು. ಬುದ್ಧಿಯೆಂಬುದು ಹುಟ್ಟಿನಿಂದ ಬಂದದ್ದು, ಅದು ಕದಲದು ಎಂದು ಬಲವಾಗಿ ನಂಬಿದ್ದವರಲ್ಲಿ ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ ಪ್ರಮುಖರು. ವಿಚಾರ ಮೂಲೆಗೆ ಬಿದ್ದಿತು. ಸುಮಾರು ಎರಡು ದಶಕಗಳ ಮೇಲೆ ಸ್ಕೀಲ್ಸರು ಆ 25 ಮಂದಿಯನ್ನೂ ಹುಡುಕಿ ಹೊರಟರು. 1966ರಲ್ಲಿ ವರದಿ ಹೊರಬಂತು. ಮಡಿಲು ಕಂಡ 13 ಮಕ್ಕಳಲ್ಲಿ 11 ಮಂದಿಯನ್ನು ಕುಟುಂಬಗಳು ದತ್ತು ತೆಗೆದುಕೊಂಡಿದ್ದವು. 13 ಮಂದಿಯೂ ಪರರ ಹಂಗಿಲ್ಲದೆ ಬದುಕುತ್ತಿದ್ದರು. ಉಳಿದ 12ರಲ್ಲಿ ಒಬ್ಬರು ಎಳೆಯ ಪ್ರಾಯದಲ್ಲೇ ತೀರಿಕೊಂಡಿದ್ದರು. ನಾಲ್ವರು ಆಗಲೂ ಆಶ್ರಮ, ಆಸ್ಪತ್ರೆಗಳ ಗೋಡೆಯೊಳಗಿದ್ದರು. ಅವರಲ್ಲೊಬ್ಬ ಮಾತ್ರ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ ಹಿಡಿದು ಚೆನ್ನಾಗಿ ಬಾಳುತ್ತಿದ್ದ. ಕಿವಿ ಮಂದವಾಗಿದ್ದ ಆತನನ್ನು ಕಿವುಡರ ಶಾಲೆಗೆ ಸೇರಿಸಿದ್ದರು; ಅಲ್ಲಿನ ಮೇಲ್ವಿಚಾರಕಿ ಅವನನ್ನು ಅಕ್ಕರೆಯಿಂದ ನೋಡಿಕೊಂಡಿದ್ದಳು! 1968ರಲ್ಲಿ ಸ್ಕೀಲ್ಸರಿಗೆ ಕೆನೆಡಿ ಪ್ರತಿಷ್ಠಾನದ ಪ್ರಶಸ್ತಿ ಬಂದಾಗ ಅದನ್ನು ಅವರ ಕೈಗಿತ್ತವನು ಆ 13ರಲ್ಲೊಬ್ಬ.

ಮಡಿಲಿಗೂ ಮಿದುಳಿಗೂ ಇರುವ ನಂಟನ್ನು ಕಣ್ಣಾರೆ ತೋರಿಸಿದ್ದು ಬೇರೊಂದು ದೇಶದ ದುಃಖ. 1989ರಲ್ಲಿ ರುಮೇನಿಯಾದ ಚಾಷೆಸ್ಕುವಿನ ಆಳ್ವಿಕೆ ಉರುಳಿದಾಗ ಅಲ್ಲಿನ ಅನಾಥಾಲಯಗಳ ಸ್ಥಿತಿ ಲೋಕಕ್ಕೆ ತಿಳಿಯಿತು. 2000ದಲ್ಲಿ ಚಾರ್ಲ್ಸ್ ನೆಲ್ಸನ್ ಮತ್ತು ಸಂಗಡಿಗರು ಬುಕಾರೆಸ್ಟಿನಲ್ಲಿ 136 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಸೇರಿಸಿದರು. ಎಂಟು ವರ್ಷದವರಾದಾಗ ನೋಡಿದರೆ, ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರ ಮಿದುಳಿನ ವಿದ್ಯುತ್ ಅಲೆಗಳು ಹೆತ್ತವರ ಬಳಿ ಬೆಳೆದ ಮಕ್ಕಳವುಗಳನ್ನು ಹೋಲುತ್ತಿದ್ದವು. ತಡವಾಗಿ ಸೇರಿದವರಲ್ಲಿ ಅಷ್ಟು ಚೇತರಿಕೆ ಕಾಣಲಿಲ್ಲ. ಎಳೆಯ ಮಿದುಳು ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಕೊಂಡಿಗಳನ್ನು ಹೆಣೆಯುತ್ತದೆ. ಬಳಕೆಯಾದವು ಗಟ್ಟಿಯಾಗುತ್ತವೆ, ಉಳಿದವು ಉದುರುತ್ತವೆ. ಕೂಸು 'ಊಂ' ಎಂದಾಗ ಯಾರೋ ಬಾಗಿ 'ಏನಮ್ಮಾ' ಎನ್ನುವುದೇ ಆ ಬಳಕೆ.

1975ರ ಅಕ್ಟೋಬರ್ 2ರಂದು ನಮ್ಮ ದೇಶದಲ್ಲಿ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಆಯ್ದ 33 ಕಡೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಅಂದಿನಿಂದ ಅಂಗನವಾಡಿಯನ್ನು ನಾವು ಅನ್ನ ಹಾಕುವ ಜಾಗವೆಂದೇ ಬಗೆದಿದ್ದೇವೆ. ಅನ್ನ ಬೇಡವೆನ್ನಲಾದೀತೆ? ಆದರೆ ಡೇವನ್‌ಪೋರ್ಟಿನ ಕೂಸುಗಳಿಗೂ ಅನ್ನವಿತ್ತು. ಮಗುವನ್ನು ಸೊಂಟಕ್ಕೇರಿಸಿಕೊಂಡು ಹಾಡುವ ಆ ಕಾರ್ಯಕರ್ತೆ ಮಾಡುತ್ತಿರುವುದು ಸಣ್ಣ ಕೆಲಸವೆಂದು ಇನ್ನು ನಾನು ಹೇಳಲಾರೆ.

ನನಗೆ ನೆನಪಾಗುವುದು ಆ 12 ಮಕ್ಕಳು. ಅವರಿಗೆ ಯಾರೂ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಸುಮ್ಮನೆ ಮಲಗಿಸಿದ್ದರು, ಅಷ್ಟೇ. ಈಗ ತರಗತಿಯಲ್ಲಿ ಉತ್ತರ ಹೇಳಲಾರದೆ ತಲೆತಗ್ಗಿಸಿದ ಹುಡುಗನನ್ನು ಕಂಡಾಗ ಮೊದಲ ಗಾದೆ ನಾಲಗೆಯ ತುದಿಗೆ ಬಂದರೂ ಹೊರಗೆ ಬರುವುದಿಲ್ಲ. ಕುಳಿತುಕೊಳ್ಳಪ್ಪಾ ಎಂದು, ಪದ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದುತ್ತೇನೆ.