ಹಸುವನ್ನು ಕರೆ

ಐದನೇ ತರಗತಿಯ ಕಿರುಪರೀಕ್ಷೆಯಲ್ಲಿ ‘ನಾನಾರ್ಥ ಬರೆಯಿರಿ’ ಎಂಬ ಪ್ರಶ್ನೆಗೆ ‘ಕರೆ’ ಎಂಬ ಪದ ಕೊಟ್ಟಿದ್ದರು. ನಾನು ‘ಕೂಗು’ ಎಂದು ಬರೆದು, ಅದರ ಪಕ್ಕದಲ್ಲಿ ‘ಹಾಲು ಕರೆಯುವುದು’ ಎಂದೂ ಬರೆದಿದ್ದೆ. ಎರಡನೆಯದಕ್ಕೆ ಕೆಂಪು ಗೆರೆ ಬಿತ್ತು. ಗೈಡಿನಲ್ಲಿದ್ದದ್ದು ‘ಕೂಗು, ಆಹ್ವಾನ’. ಅಮ್ಮ ದಿನಾ ನಸುಕಿನಲ್ಲೆದ್ದು ಎರಡು ಹಸು ಕರೆಯುತ್ತಿದ್ದಳು. ಆ ಹಾಲಿನ ದುಡ್ಡಿನಲ್ಲೇ ನನ್ನ ನೋಟ್‌ಪುಸ್ತಕ ಬರುತ್ತಿತ್ತು. ಅವಳು ಆಡುವುದು ಕನ್ನಡವಲ್ಲವೇನೋ ಎಂದು ಆ ದಿನ ನನಗೆ ಅನ್ನಿಸಿಬಿಟ್ಟಿತು.

ಈಗ ಪಿಎಚ್.ಡಿ.ಗಾಗಿ ಭಾಷಾಪಾಠಗಳ ಚರಿತ್ರೆಯನ್ನು ಓದುತ್ತಿದ್ದೇನೆ. ಆ ಕೆಂಪು ಗೆರೆಯ ಹಿಂದೆಯೂ ಒಂದು ಉದ್ದನೆಯ ಚರಿತ್ರೆ ಇದೆ ಎಂದು ತಿಳಿದದ್ದು ಹೀಗೆ.

ಮಕ್ಕಳಿಗೆ ನಾನಾರ್ಥ ಕಲಿಸುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಅಮರಸಿಂಹನ ‘ಅಮರಕೋಶ’ದ ಮೂರನೇ ಕಾಂಡದಲ್ಲಿ ನಾನಾರ್ಥಕ್ಕೇ ಒಂದು ವರ್ಗವಿದೆ. ಅಲ್ಲಿ ಪದಗಳನ್ನು ಜೋಡಿಸಿರುವುದು ಮೊದಲ ಅಕ್ಷರದಿಂದಲ್ಲ, ಕೊನೆಯ ವ್ಯಂಜನದಿಂದ. ‘ಹರಿ’ ಎಂಬ ಒಂದೇ ಪದಕ್ಕೆ ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕಪಿ, ಕಪ್ಪೆ ಎಂದು ಅರ್ಥಗಳ ಸಾಲೇ ಇದೆ. ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದ ಹುಡುಗರು ಅಮರವನ್ನು ಬಾಯಿಪಾಠ ಮಾಡುತ್ತಿದ್ದರು. ಅರ್ಥ ಆಮೇಲೆ, ಮೊದಲು ಕಂಠಪಾಠ. ಮುಂದೆ ಕಾವ್ಯ ಓದುವಾಗ, ಶ್ಲೇಷೆ ಎದುರಾದಾಗ, ಈ ಗಂಟು ಕೈಗೆ ಬರುತ್ತಿತ್ತು.

ಎರಡನೇ ನಾಗವರ್ಮ ‘ಅಭಿಧಾನವಸ್ತುಕೋಶ’ ಬರೆದಾಗಲೂ ನಾನಾರ್ಥಕ್ಕೆ ಪ್ರತ್ಯೇಕ ಭಾಗವನ್ನೇ ಇಟ್ಟ. ಆದರೆ ಅವನ ಉದ್ದೇಶ ಸಂಸ್ಕೃತ ಪದಗಳನ್ನು ಕನ್ನಡದವರಿಗೆ ತಿಳಿಸುವುದು. ಕಷ್ಟದ ಪದಕ್ಕೆ ತಾನೇ ಕೋಶ ಬೇಕಾದದ್ದು? ಹಟ್ಟಿಯ ಮಾತು ಎಲ್ಲರಿಗೂ ಗೊತ್ತಿರುವಂಥದ್ದು, ಅದನ್ನು ಕಲಿಸಬೇಕಿರಲಿಲ್ಲ. ಇದರಲ್ಲಿ ತಪ್ಪೇನಿಲ್ಲ. ಆದರೆ ಶಾಲೆಯ ನಾನಾರ್ಥದ ಪಟ್ಟಿ ಇವತ್ತಿಗೂ ಹೆಚ್ಚಾಗಿ ಅದೇ ದಾರಿಯಲ್ಲಿದೆ. ‘ಕರ’ ಎಂದರೆ ಕೈ, ಕಿರಣ, ತೆರಿಗೆ ಎಂಬುದು ಎಲ್ಲ ಮಕ್ಕಳಿಗೂ ಬರುತ್ತದೆ. ‘ಹರಿ’ ಎಂದರೆ ವಿಷ್ಣು, ಸಿಂಹ ಎನ್ನುವ ಮಗುವಿಗೆ ನೀರು ಹರಿಯುವುದೂ ಬಟ್ಟೆ ಹರಿಯುವುದೂ ನೆನಪಾಗುವುದಿಲ್ಲ.

ಈ ಕನ್ನಡದ ‘ಹರಿ’ಯ ಕತೆಯೇ ಬೇರೆ. ಹಳಗನ್ನಡದಲ್ಲಿ ನೀರು ‘ಪರಿ’ಯುತ್ತಿತ್ತು, ಬಟ್ಟೆ ‘ಪಱಿ’ಯುತ್ತಿತ್ತು. ಅವು ಎರಡು ಬೇರೆ ಪದಗಳು. ಪಕಾರ ಹಕಾರವಾಯಿತು, ಶಕಟರೇಫವಾದ ‘ಱ’ ರಕಾರದಲ್ಲಿ ಕರಗಿತು, ಎರಡೂ ‘ಹರಿ’ಯಾದವು. ನನ್ನ ‘ಕರೆ’ಯೂ ಹಾಗೆಯೇ. ಕೂಗುವುದು ‘ಕರೆ’, ಹಾಲು ಹಿಂಡುವುದು ‘ಕಱೆ’. ಬಟ್ಟೆಯ ಮೇಲಿನ ಕಲೆ ಕೂಡ ‘ಕಱೆ’. ‘ಅರಿ’ಯೂ ಅಷ್ಟೆ: ತಿಳಿಯುವುದು ‘ಅಱಿ’, ಕತ್ತರಿಸುವುದು ‘ಅರಿ’, ಶತ್ರು ಎಂಬ ‘ಅರಿ’ ಸಂಸ್ಕೃತದ್ದು. ನಾವು ಒಂದು ಪದದ ನಾನಾ ಅರ್ಥ ಎನ್ನುವಲ್ಲಿ ಎಷ್ಟೋ ಸಲ ನಾನಾ ಪದಗಳು ಒಂದೇ ಅಂಗಿ ತೊಟ್ಟು ನಿಂತಿರುತ್ತವೆ.

13ನೇ ಶತಮಾನದ ಕೇಶಿರಾಜನಿಗೆ ಈ ಬೆರಕೆಯ ಆತಂಕ ಇತ್ತು. ‘ಶಬ್ದಮಣಿದರ್ಪಣ’ದಲ್ಲಿ ಅವನು ‘ೞ’ ಇರುವ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಕಿವಿ ಬಿಟ್ಟುಕೊಡುತ್ತಿದ್ದುದನ್ನು ಕಣ್ಣಿನಿಂದಾದರೂ ಹಿಡಿಯಲಿ ಎಂಬ ಮೇಷ್ಟರ ಕಾಳಜಿ ಅದು ಎಂದು ನನಗೆ ತೋರುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇನ್ನೊಂದು ದಾರಿ ಹಿಡಿಯಿತು. ಒಂದೇ ರೂಪದ ಪದಗಳನ್ನು 1, 2, 3 ಎಂದು ಬಿಡಿಸಿಟ್ಟಿತು. ಕಾವ್ಯದ ಜೊತೆಗೆ ಗಾದೆಗಳನ್ನೂ ಸಾಕ್ಷಿಗೆ ಕರೆಯಿತು. ಗ್ರಂಥಾಲಯದಲ್ಲಿ ಅದರ ಪುಟ ತಿರುವುತ್ತ ಹಾಲು ಹಿಂಡುವ ‘ಕರೆ’ಯನ್ನು ಕಂಡಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹದಿನೇಳು ವರ್ಷ ತಡವಾಗಿ ಅರ್ಧ ಅಂಕ ಸಿಕ್ಕಿತ್ತು.

ಅಕ್ಕನ ಮಗನಿಗೆ ಈಗ ನಾನಾರ್ಥ ಹೇಳಿಕೊಡುವಾಗ ನಾನು ಪಟ್ಟಿ ಕೊಡುವುದಿಲ್ಲ, ವಾಕ್ಯ ಕೇಳುತ್ತೇನೆ. ಮನೆಯಲ್ಲಿ ಯಾರು, ಯಾವಾಗ, ಯಾಕೆ ಆ ಪದ ಆಡಿದರು ಎಂದು ಕೇಳುತ್ತೇನೆ. ಅರ್ಥ ವಾಕ್ಯದೊಳಗೆ ತಾನಾಗಿ ಬೇರೆಯಾಗುತ್ತದೆ. ಪರೀಕ್ಷೆಗೆ ಗೈಡಿನ ಉತ್ತರವನ್ನೂ ಕಲಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಅಜ್ಜಿಯ ಅರ್ಥ ತಪ್ಪು ಎಂದು ಮಾತ್ರ ಅವನು ಕಲಿಯಬಾರದು.

ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಎರಡು ‘ಕರೆ’ ಬೇರೆ ಬೇರೆ ಕಣಮ್ಮ ಅಂದೆ. ಅವಳು ನಕ್ಕಳು. “ಬೇರೆ ಹೆಂಗಾಗುತ್ತೆ? ಹೆಸರು ಹಿಡಿದು ಕರೀದಿದ್ರೆ ಗೌರಿ ಹಾಲೇ ಇಳಿಸಲ್ಲ. ಮೊದ್ಲು ಕರೀಬೇಕು, ಆಮೇಲೆ ಕರೀಬೇಕು.”